ಒಂದೇ ಮನೆಗೆ ಎರಡು ನಂಬರು

2019ರ ನಾಗರಪಂಚಮಿ ಮುಗಿದು ಮೂರು ದಿನ ಆಗಿತ್ತು. ಡಬ್ಬಿಯಲ್ಲಿ ಶೇಂಗಾ ಉಂಡಿ ಇನ್ನೂ ಅರ್ಧ ಉಳಿದಿದ್ದವು. ಬೆಳಗಾವಿಯಿಂದ ಗದಗದವರೆಗೆ ಎಲ್ಲ ಕಡೆ ಅದೇ ಮಳೆ. ಬೆಳಗಿನ ಜಾವ ನಾಲ್ಕರ ಸುಮಾರಿಗೆ ನಮ್ಮ ಅಡುಗೆಮನೆಯ ಹಿಂದಿನ ಗೋಡೆ ಬಿತ್ತು. ದೊಡ್ಡ ಸದ್ದೇನೂ ಆಗಲಿಲ್ಲ. ನೆನೆದ ಮಣ್ಣು ಹಾಗೇ ಕೂತುಬಿಡುತ್ತದೆ. ಕರೆಂಟ್ ಇರಲಿಲ್ಲ. ಮೊಬೈಲ್ ಬೆಳಕು ಹಿಡಿದರೆ ಗೋಡೆ ಇದ್ದ ಜಾಗದಲ್ಲಿ ಪಕ್ಕದವರ ಹಿತ್ತಲಿನ ನುಗ್ಗೆ ಗಿಡ ಕಾಣುತ್ತಿತ್ತು. ಉಂಡಿ ಡಬ್ಬಿ ಮಣ್ಣಿನಡಿ ಹೋಗಿತ್ತು.

ಅದು ಅಜ್ಜ ಕಟ್ಟಿಸಿದ ಮನೆ. ಪಡಸಾಲೆ, ನಡುಮನೆ, ಅಡುಗೆಮನೆ, ಇಷ್ಟೇ. ಎರಡು ಅಡಿ ದಪ್ಪದ ಮಣ್ಣಿನ ಗೋಡೆ, ಮೇಲೆ ಹಂಚು. ಗೌಂಡಿ ಬಂದು ಜೋತುಬಿದ್ದ ತೊಲೆಗೆ ಎರಡು ಕಂಬ ಕೊಟ್ಟು ನಿಲ್ಲಿಸಿದ. “ತಿಂಗಳೊಪ್ಪತ್ತಿನ್ಯಾಗ ಗ್ವಾಡಿ ಎಬ್ಬಿಸ್ರಿ ಅಕ್ಕಾರ. ತೊಲಿ ಬಂತಂದ್ರ ನಡುಮನಿನೂ ಉಳಿಯಂಗಿಲ್ಲ” ಎಂದ.

ಗೋಡೆ ಎಬ್ಬಿಸೋಕೆ ದುಡ್ಡು ಹೊಂದಿಸಿದರೆ ಸಾಕು ಅಂದುಕೊಂಡಿದ್ದೆ. ಪರಿಹಾರದ ಸರ್ವೆಗೆ ಹೆಸರು ಬರೆದುಕೊಂಡವರು, “ನಾವು ಬರೋ ತನಕ ಏನೂ ಮುಟ್ಟಬ್ಯಾಡ್ರಿ, ಫೋಟೋದಾಗ ಹಾನಿ ಕಾಣಬೇಕು” ಎಂದರು. ಪಾಲಿಕೆಯವರು, ಗೋಡೆ ಬುಡದಿಂದ ಎತ್ತುವುದಾದರೆ ಅದು ರಿಪೇರಿ ಅಲ್ಲ, ಅನುಮತಿ ಬೇಕು, ಅರ್ಜಿ ಕೊಡುವವರ ಹೆಸರಲ್ಲಿ ಉತಾರ, ಅಂದರೆ ಮನೆ ಯಾರ ಹೆಸರಲ್ಲಿದೆ ಅಂತ ತೋರಿಸುವ ದಾಖಲೆ, ಬೇಕು ಎಂದರು. ನಮ್ಮ ಉತಾರ ಇನ್ನೂ ಅಜ್ಜನ ಹೆಸರಲ್ಲೇ ಇತ್ತು. ಅಜ್ಜ ತೀರಿಕೊಂಡು ಇಪ್ಪತ್ತೈದು ವರ್ಷ, ಅಪ್ಪ ಹೋಗಿ ಆರು ವರ್ಷ. ಮೇಲೆ ಮಳೆ ನಿಂತಿರಲಿಲ್ಲ. ಮುಟ್ಟಿದರೆ ಪರಿಹಾರ ಹೋಗುತ್ತದೆ, ಮುಟ್ಟದಿದ್ದರೆ ಮನೆ ಹೋಗುತ್ತದೆ. ಆ ವಾರ ಅವ್ವ ಒಂದು ರಾತ್ರಿಯೂ ಸರಿಯಾಗಿ ಮಲಗಲಿಲ್ಲ. ಹಂಚು ಕರಕ್ ಅಂದರೆ ಎದ್ದು ಕೂರುತ್ತಿದ್ದಳು.

ಆಮೇಲಿನ ಒಂದು ದಿನ ನನಗೆ ಚೆನ್ನಾಗಿ ನೆನಪಿದೆ. ಬೆಳಿಗ್ಗೆ ಪಾಲಿಕೆಯ ಕೌಂಟರಿನಲ್ಲಿ ಪಿ.ಆರ್. ಕಾರ್ಡ್ ತನ್ನಿ ಎಂದರು, ಜಾಗ ಎಷ್ಟು, ಯಾರದು ಅಂತ ಬರೆದಿರುವ ಆಸ್ತಿ ಕಾರ್ಡ್ ಅದು. ಸಿಗುವುದು ಸಿಟಿ ಸರ್ವೆ ಕಚೇರಿಯಲ್ಲಿ. ಊರಿನ ಇನ್ನೊಂದು ತುದಿ. ಅಲ್ಲಿಗೆ ಹೋಗಿ ಬಾಗಿಲ ಮೇಲಿನ ನೀಲಿ ತಗಡಿನಲ್ಲಿರುವ ಮನೆ ನಂಬರ್ ಹೇಳಿದೆ. ಅಲ್ಲಿದ್ದ ಹುಡುಗಿ ತಲೆ ಅಲ್ಲಾಡಿಸಿದಳು. “ಇದು ಪಾಲಿಕೆ ನಂಬರ್ ರೀ. ನಮ್ಮದು ಬ್ಯಾರೆ. ಸಿ.ಟಿ.ಎಸ್., ಅಂದ್ರ ಸಿಟಿ ಸರ್ವೆ ನಂಬರ್ ಹೇಳ್ರಿ.” ಹುಟ್ಟಿದಾಗಿನಿಂದ ಇದ್ದ ಮನೆಗೆ ಇನ್ನೊಂದು ನಂಬರ್ ಇದೆ ಅಂತ ನನಗೆ ಗೊತ್ತಾದದ್ದು ಆಗಲೇ. ಪಾಲಿಕೆಯ ಪುಸ್ತಕ ತೆರಿಗೆಗೆ. ಸಿಟಿ ಸರ್ವೆಯ ಪುಸ್ತಕ ಜಾಗದ ಅಳತೆಗೆ, ಹಕ್ಕಿಗೆ. ಎರಡೂ ಬೇರೆ ಬೇರೆ ಇಲಾಖೆ. ಒಂದರಲ್ಲಿ ಬದಲಾದದ್ದು ಇನ್ನೊಂದರಲ್ಲಿ ತಾನಾಗಿಯೇ ಬದಲಾಗುವುದಿಲ್ಲ.

ಆ ಹುಡುಗಿ ಬಟ್ಟೆ ಅಂಟಿಸಿದ ಹಳೆಯ ನಕಾಶೆ ಬಿಚ್ಚಿದಳು. ಹನುಮಪ್ಪನ ಗುಡಿಯಿಂದ ಬೆರಳಿಟ್ಟುಕೊಂಡು ಬಂದು ನಮ್ಮ ಓಣಿ ಹುಡುಕಿದೆವು. ಸಿಕ್ಕಿತು. ಆದರೆ ಕಾರ್ಡಿನಲ್ಲಿ ಅಜ್ಜನ ಪೂರ್ತಿ ಹೆಸರು, ಪಾಲಿಕೆಯಲ್ಲಿ ಎಲ್ಲರೂ ಕರೆಯುತ್ತಿದ್ದ ಗಿಡ್ಡ ಹೆಸರು. ಕಾಗದದ ಮೇಲೆ ಇಬ್ಬರು ಮನುಷ್ಯರು! ನನ್ನ ಕಣ್ಣಲ್ಲಿ ನೀರು ಬಂತು. ಅವಳು ಒಂದು ಚೀಟಿ ಹರಿದು, ಅದರ ಹಿಂದೆ ಬರೆದಳು: ಮೊದಲು ನಾಡಕಚೇರಿಯಲ್ಲಿ ವಂಶಾವಳಿ. ಆಮೇಲೆ ಎರಡೂ ಹೆಸರು ಒಬ್ಬರದೇ ಅಂತ ಅಫಿಡವಿಟ್, ಜೊತೆಗೆ ಹಳೆಯ ದಾಖಲೆ. ಆಮೇಲೆ ಇಲ್ಲಿ ವಾರಸಾ, ಅಂದರೆ ವಾರಸುದಾರರ ಹೆಸರು ಏರಿಸುವುದು. ಆಮೇಲೆ ಪಾಲಿಕೆಯಲ್ಲಿ ಖಾತೆ. ಕೊನೆಗೆ ಅನುಮತಿ. “ಅರ್ಜಿ ಕೊಟ್ಟಲ್ಲೆಲ್ಲಾ ಸಕಾಲದ ರಸೀದಿ ಕೇಳಿ ತಗೋರಿ” ಎಂದಳು. 2011ರ ಸಕಾಲ ಕಾಯ್ದೆ 2012ರಿಂದ ಜಾರಿಯಲ್ಲಿದೆ. ಆ ರಸೀದಿಯ ನಂಬರ್ ಕೈಲಿದ್ದರೆ ಅರ್ಜಿಗೆ ಒಂದು ಗಡುವು ಇರುತ್ತದೆ, ತಡವಾದರೆ ಮೇಲ್ಮನವಿ ಹಾಕಬಹುದು. ನಾನು ಅದುವರೆಗೆ ಕೊಟ್ಟ ಒಂದು ಅರ್ಜಿಗೂ ಅದನ್ನು ಕೇಳಿರಲಿಲ್ಲ, ಯಾರೂ ಕೊಟ್ಟಿರಲೂ ಇಲ್ಲ. ಆ ಚೀಟಿಯಲ್ಲಿ ಇದ್ದದ್ದು ಐದು ಸಾಲು. ಇದನ್ನು ಪ್ರತಿ ಕಚೇರಿಯ ಗೇಟಿನ ಗೋಡೆಗೆ ದೊಡ್ಡ ಅಕ್ಷರದಲ್ಲಿ ಬರೆಸಿದರೆ ಎಷ್ಟೋ ಮನೆಗಳ ಎರಡನೇ ಗೋಡೆ ಉಳಿಯುತ್ತದೆ, ಅಲ್ವಾ?

ರಾತ್ರಿ ಅವ್ವ ಅಜ್ಜನ ಟ್ರಂಕ್ ತೆಗೆದಳು. ತಳದಲ್ಲಿ ಎಂಟು ಮಡಿಕೆ ಹಾಕಿದ ಒಂದು ಸಾಲದ ಪತ್ರ. ಮಡಿಕೆಗಳಲ್ಲಿ ಹರಿದಿತ್ತು. ಮಸಿ ಕಂದು ಬಣ್ಣಕ್ಕೆ ತಿರುಗಿತ್ತು. ಅದರಲ್ಲಿ ಅಜ್ಜನ ಪೂರ್ತಿ ಹೆಸರು, ಮುಂದೆ ‘ಉರ್ಫ್’, ಅದರ ಮುಂದೆ ಗಿಡ್ಡ ಹೆಸರು. ಆ ಒಂದು ‘ಉರ್ಫ್’ ನೋಡಿ ನಾವಿಬ್ಬರೂ ಎಷ್ಟೋ ಹೊತ್ತು ಮಾತಾಡಲಿಲ್ಲ.

ವಂಶಾವಳಿಗೆ ಅಜ್ಜನ ಮಗಳು, ನಮ್ಮ ಅತ್ತಿಯ ಹೆಸರೂ ಬೇಕಿತ್ತು. ಮದುವೆಯಾಗಿ ಹೋದ ಮಗಳಿಗೂ ಹಕ್ಕಿದೆ, ಬಿಡಬಾರದು, ಅದು ಸರಿಯೇ. ವಿಜಯಪುರದಿಂದ ಬಸ್ಸಿನಲ್ಲಿ ಬಂದರು. ಸಹಿ ಮಾಡುವ ಮೊದಲು ಬಿದ್ದ ಗೋಡೆಯ ಮಣ್ಣನ್ನು ಒಂದು ಹಿಡಿ ಎತ್ತಿ ನೋಡಿದರು. ಈ ಮಣ್ಣು ತುಳಿಯುವಾಗ ಅವರಿಗೆ ಏಳು ವರ್ಷವಂತೆ.

ಪರಿಹಾರದ ಸರ್ವೆಯವರು ಬರುವಷ್ಟರಲ್ಲಿ ತೊಲೆಯ ಒಂದು ತುದಿ ಗೇಣು ಇಳಿದಿತ್ತು. ಆಗ ಹಾನಿಯನ್ನು ಎ, ಬಿ, ಸಿ ಅಂತ ಬರೆಯುತ್ತಿದ್ದರು. ಮುಕ್ಕಾಲು ಪಾಲಿಗಿಂತ ಜಾಸ್ತಿ ಹೋಗಿದ್ದರೆ ಎ, 25ರಿಂದ 75 ಪರ್ಸೆಂಟ್ ಬಿ, 15ರಿಂದ 25 ಸಿ. ನಮ್ಮದಕ್ಕೆ ಸಿ ಬರೆಯಲು ಹೊರಟರು. ಮೂರು ಕೋಣೆಯಲ್ಲಿ ಒಂದು ಪೂರ್ತಿ ಹೋಗಿದೆ, ಟೇಪ್ ಹಿಡಿದು ನೋಡಿ ಸರ್ ಎಂದೆ. ಇಂಜಿನಿಯರ್ ಸಿಟ್ಟಾಗಲಿಲ್ಲ. ಅಳೆದರು, ಬಿ ಬರೆದರು. ಅಳೆಯದೇ ಹೋಗಿದ್ದರೆ ಅನ್ನುವ ಸಂಕಟ ನನಗೆ ಈಗಲೂ ಇದೆ. ಕೇಳಲು ಹೆದರುವವರ ಮನೆಗಳು ನಮ್ಮ ಓಣಿಯಲ್ಲೇ ಇದ್ದವು.

ಗೋಡೆ ಎದ್ದದ್ದು ದೀಪಾವಳಿ ಕಳೆದ ಮೇಲೆ. ಈ ಸಲ ಇಟ್ಟಿಗೆಯದು. ಉಂಡಿ ಡಬ್ಬಿ ಇಡಲು ಒಂದು ಮಾಡ ಬಿಡು ಅಂತ ಅವ್ವ ಗೌಂಡಿಗೆ ಹೇಳಿದಳು, ಅವನು ಬಿಟ್ಟ. ಆ ಚೀಟಿಯನ್ನು ಮೊದಲು ನುಗ್ಗೆ ಗಿಡದ ಮನೆಯವರು ಜೆರಾಕ್ಸ್ ಮಾಡಿಸಿಕೊಂಡರು. ಆಮೇಲೆ ಅವರ ಎದುರು ಮನೆಯವರು. ಮೂಲ ಚೀಟಿ ಈಗ ಅಜ್ಜನ ಟ್ರಂಕಿನಲ್ಲಿ, ‘ಉರ್ಫ್’ ಇರುವ ಪತ್ರದ ಜೊತೆಗಿದೆ.