ಗಿಡ ಮನೆಯಲ್ಲೇ ಉಂಟಲ್ಲ

ಭಾನುವಾರ ನಮ್ಮ ಚರ್ಚಿನ ಸಭೆಯಲ್ಲಿ ಬೆಳೆ ಹಬ್ಬ ಮುಗಿಯಿತು. ಇವತ್ತು ಗುರುವಾರ. ಆ ಎರಡು ಚೆಂಡು ಮಲ್ಲಿಗೆ ಇನ್ನೂ ತಲೆಯಿಂದ ಇಳಿದಿಲ್ಲ.

ಕಾಣಿಕೆ ಬರೆದುಕೊಳ್ಳುವ ಮೇಜು ಈ ವರ್ಷ ನನ್ನ ಪಾಲಿಗೆ ಬಂದಿತ್ತು. ತೆಂಗಿನಕಾಯಿ, ಬಾಳೆಗೊನೆ, ಸುವರ್ಣಗೆಡ್ಡೆ, ಕಾಲು ಕಟ್ಟಿದ ಎರಡು ಊರಿನ ಕೋಳಿ. ಗದ್ದೆ ಮಾರಿ ಪೇಟೆ ಸೇರಿದ ನಮ್ಮಂಥವರು ಅಂಗಡಿಯ ಸೇಬು ತರುತ್ತೇವೆ, ಸ್ಟಿಕ್ಕರ್ ಕೂಡ ಕಿತ್ತಿರುವುದಿಲ್ಲ. ಆಗ ಎಪ್ಪತ್ತು ದಾಟಿದ ಒಬ್ಬರು ಅಮ್ಮ ಬಾಳೆ ಎಲೆಯ ಪೊಟ್ಟಣ ಮೇಜಿನ ಮೇಲೆ ಇಟ್ಟರು. ಬಿಡಿಸಿದರೆ ಮಲ್ಲಿಗೆ. ಬಾಳೆನಾರಿನಲ್ಲಿ ಒತ್ತೊತ್ತಾಗಿ ಕಟ್ಟಿದ್ದು, ಒಂದು ಮೊಗ್ಗೂ ಬಿರಿದಿಲ್ಲ, ಎಲೆಯ ಒಳಮೈ ಇನ್ನೂ ಒದ್ದೆ.

ಉಡುಪಿ ಕಡೆಯವರಿಗೆ ಈ ಲೆಕ್ಕ ಹೇಳಿಕೊಡಬೇಕಾಗಿಲ್ಲ. ಚೆಂಡಿಗೆ 800 ಮೊಗ್ಗು, ನಾಲ್ಕು ಚೆಂಡಿಗೆ ಒಂದು ಅಟ್ಟೆ. ಮದುವೆ ಸೀಸನ್ ಬೇರೆ, ಅವತ್ತು ಅಟ್ಟೆಗೆ 1,200 ರೂಪಾಯಿ. ಅಂದರೆ ಅವರು ಇಟ್ಟದ್ದು 600 ರೂಪಾಯಿಯ ಹೂವು. ಬೆಳಕು ಹರಿಯುವ ಮೊದಲೇ ಬಗ್ಗಿ ಕೊಯ್ದ 1,600 ಮೊಗ್ಗು.

"ಇವತ್ತಿನದ್ದು ಎಲ್ಲ ಇಲ್ಲಿಗೇ ತಂದ್ರಾ ಅಮ್ಮ? ಹೂವಿನ ಕಟ್ಟೆಗೆ ಮಾರಾಟಕ್ಕೆ ಹಾಕ್ಲಿಲ್ವಾ?" ಎಂದು ಕೇಳಿದೆ.

"ದೈ ಇಲ್ಲಡೇ ಉಂಡತ್ತಾ ಮಗಾ" ಎಂದರು. ಗಿಡ ಮನೆಯಲ್ಲೇ ಉಂಟಲ್ಲ ಮಗಾ. ಅಷ್ಟೇ. ಸೆರಗು ಸರಿ ಮಾಡಿಕೊಂಡು ಹೋಗಿ ಹಿಂದಿನ ಬೆಂಚಿನಲ್ಲಿ ಕೂತರು.

ಈಗ ನನ್ನ ಕಥೆ. ಮನೆಯಿಂದ ಹೊರಡುವಾಗ ಕಾಣಿಕೆ ಕವರಿಗೆ 500ರ ನೋಟು ಹಾಕಿದ್ದೆ. ಗೇಟಿನ ಹತ್ತಿರ ಬೈಕ್ ನಿಲ್ಲಿಸಿ ಅದನ್ನು ತೆಗೆದು 200 ಹಾಕಿದೆ. ಬಂದ ಕಾಣಿಕೆಗಳನ್ನು ಹರಾಜು ಹಾಕುವ ಏಲಂನಲ್ಲಿ ಏನಾದರೂ ಕೂಗಬೇಕಲ್ಲ, ಅಲ್ಲಿ ಕೊಟ್ಟರೂ ದೇವರಿಗೇ ತಾನೇ ಎಂದು ಸಮಾಧಾನ. ನಿಜ ಹೇಳಬೇಕೆಂದರೆ ಕವರ್ ಯಾರಿಗೂ ಕಾಣುವುದಿಲ್ಲ, ಏಲಂ ಎಲ್ಲರಿಗೂ ಕೇಳುತ್ತದೆ. ಬೈಬಲಿನ ಅನನೀಯ ಮತ್ತು ಸಪ್ಫೈರಳ ಕಥೆಯನ್ನು ಸಂಡೇ ಸ್ಕೂಲಿನಲ್ಲಿ ನಾನೇ ಮಕ್ಕಳಿಗೆ ಹೇಳಿಕೊಟ್ಟಿದ್ದೇನೆ. ಹೊಲ ಮಾರಿ ಬಂದದ್ದರಲ್ಲಿ ಸ್ವಲ್ಪ ತೆಗೆದಿಟ್ಟು, ಇಷ್ಟೇ ಬಂದದ್ದು ಎಂದ ಗಂಡ ಹೆಂಡತಿ.

ಪಾದ್ರಿ ಅಯ್ಯನವರ ಪ್ರಸಂಗ ಎಂದಿನಂತೆ ಉದ್ದವಾಯಿತು. ಪೂರ್ಣ ಸಮರ್ಪಣೆ ಎಂದ ಕೂಡಲೇ ನಮ್ಮಲ್ಲಿ ಮಿಷನರಿಗಳೇ ಬರುತ್ತಾರೆ. 1834ರಲ್ಲಿ ಮಂಗಳೂರಿಗೆ ಬಂದಿಳಿದ ಬಾಸೆಲ್ ಮಿಶನ್‌ನವರು. 1853ರಲ್ಲಿ ಬಂದು, 1894ರಲ್ಲಿ ನಿಘಂಟು ಕೊಟ್ಟ ಕಿಟ್ಟೆಲ್. ದೊಡ್ಡವರೇ, ಇಲ್ಲ ಅನ್ನುವುದಿಲ್ಲ. ಆದರೆ ಅವರ ಕಥೆ ಕೇಳಿ ಮನೆಗೆ ಹೋಗಿ ಕೋಳಿ ಸಾರು ಉಣ್ಣುವುದು ಸುಲಭ. ನಮ್ಮಿಂದ ಯಾರೂ ನಿಘಂಟು ಕೇಳುವುದಿಲ್ಲವಲ್ಲ.

ಏಲಂನಲ್ಲಿ ಮಲ್ಲಿಗೆ ಬಂತು. ನಾನು 500 ಎಂದೆ. ಯಾರೋ 600 ಎಂದರು. ನಾನು 800ಕ್ಕೆ ಸುಮ್ಮನಾದೆ. ಗಲ್ಫಿನಿಂದ ರಜೆಗೆ ಬಂದಿದ್ದ ಒಬ್ಬರು 3,000ಕ್ಕೆ ತೆಗೆದುಕೊಂಡು ವಾಪಸ್ ಕೊಟ್ಟರು. ಮತ್ತೆ ಏಲಂ, ಮತ್ತೆ ಚಪ್ಪಾಳೆ. ಆ ಮನುಷ್ಯನಿಗೆ ಸ್ವಲ್ಪ ಜಂಬ ಜಾಸ್ತಿ, ಆದರೆ ಕೈ ದೊಡ್ಡದು. ಹೂವು ತಂದವರ ಹೆಸರು ಮಾತ್ರ ಯಾರೂ ಕೂಗಲಿಲ್ಲ. ಬರೆದುಕೊಂಡಿದ್ದ ನಾನೂ ಹೇಳಲಿಲ್ಲ. ಎಲ್ಲ ಮುಗಿದ ಮೇಲೆ ನೋಡಿದರೆ ಅವರು ಬಸ್ಸಿಗೆ ಹೊರಟುಹೋಗಿದ್ದರು.

ರಾತ್ರಿ ಬೈಬಲಿನಲ್ಲಿ ಮಾರ್ಕನ ಸುವಾರ್ತೆಯ 12ನೇ ಅಧ್ಯಾಯ ತೆಗೆದೆ. ದೇವಾಲಯದ ಕಾಣಿಕೆ ಪೆಟ್ಟಿಗೆಗೆ ತನ್ನಲ್ಲಿದ್ದದ್ದನ್ನೆಲ್ಲ ಹಾಕಿದ ಬಡ ವಿಧವೆಯ ಎರಡು ಕಾಸು. ಆ ಎರಡು ಕಾಸು ಸೇರಿದರೆ ದಿನಗೂಲಿಯ 64ರಲ್ಲಿ ಒಂದು ಪಾಲು. ಈಗಿನ ಕೂಲಿ 640 ಎಂದು ಹಿಡಿದರೆ ಹತ್ತು ರೂಪಾಯಿ. ಒಂದು ಚಾ ಬರುವುದಿಲ್ಲ. ಆದರೆ ಅವಳ ಕೈಯಲ್ಲಿ ಇದ್ದದ್ದು ಎರಡು, ಒಂದಲ್ಲ. ಒಂದು ಹಾಕಿ ಒಂದು ಇಟ್ಟುಕೊಳ್ಳಬಹುದಿತ್ತು. ನಾನಾಗಿದ್ದರೆ ಖಂಡಿತ ಹಾಗೇ ಮಾಡುತ್ತಿದ್ದೆ, ಗೇಟಿನ ಹತ್ತಿರವೇ.

ಇನ್ನೊಂದು ಸಂಗತಿ ಈ ಸಲ ಕಣ್ಣಿಗೆ ಬಿತ್ತು. ಅದರ ಮೇಲಿನ ವಚನದಲ್ಲೇ, ವಿಧವೆಯರ ಮನೆಗಳನ್ನು ನುಂಗುವ ಶಾಸ್ತ್ರಿಗಳನ್ನು ಯೇಸು ಬೈಯುತ್ತಾರೆ. ನಾವು ಕಾಣಿಕೆ ಎತ್ತುವಾಗ ಎರಡು ಕಾಸಿನಿಂದ ಓದಲು ಶುರು ಮಾಡುತ್ತೇವೆ, ಮೇಲಿನದನ್ನು ಬಿಡುತ್ತೇವೆ. ಸಮಿತಿಯಲ್ಲಿ ಕೂರುವವನಾಗಿ ನನಗೆ ಇದು ಸ್ವಲ್ಪ ಚುಚ್ಚಿತು.

ಆದರೆ ಆ ಅಮ್ಮನದು ಇಲ್ಲದವರ ಮಾತಾಗಿರಲಿಲ್ಲ. ಗಿಡ ಮನೆಯಲ್ಲೇ ಉಂಟಲ್ಲ. ಎಷ್ಟು ಸಲ ಹೇಳಿಕೊಂಡೆನೋ. ಮರುಭೂಮಿಯಲ್ಲಿ ಇಸ್ರಾಯೇಲ್ಯರಿಗೆ ದೇವರು ಕೊಟ್ಟ ಆಹಾರ ಮನ್ನದ ಹಾಗೆ ಮಲ್ಲಿಗೆಯೂ ತೆಗೆದಿಡುವ ವಸ್ತುವಲ್ಲ. ಮನ್ನ ಮರುದಿನ ಹುಳ ಬೀಳುತ್ತಿತ್ತು, ಮಲ್ಲಿಗೆ ಕಂದುತ್ತದೆ. ದಿನಾ ಕೊಯ್ಯುವವರಿಗೆ ನಾಳೆಯದ್ದು ನಾಳೆ ಬರುತ್ತದೆ ಎಂದು ಕೈಗೇ ಗೊತ್ತಿರುತ್ತದೋ ಏನೋ. ನಾನು ಸಂಬಳದವನು. ಉಳಿಸಿ ಉಳಿಸಿ ಅಭ್ಯಾಸ. ದುಡ್ಡೊಂದೇ ಅಲ್ಲ. ಪ್ರಾರ್ಥನೆ ಬೈಕಿನಲ್ಲಿ ಹೋಗುವಾಗ, ಸಭೆಯ ಕೆಲಸ ಸಾಲ ತೀರಿದ ಮೇಲೆ. ಅಣ್ಣನ ಜೊತೆ ಜಾಗದ ವಿಷಯದಲ್ಲಿ ಮಾತು ಬಿಟ್ಟು ಆರು ವರ್ಷವಾಯಿತು. ಎಲ್ಲವನ್ನೂ ಒಪ್ಪಿಸಿದ್ದೇನೆ ಕರ್ತನೇ ಎಂದು ಗಂಟಲು ಬಿಟ್ಟು ಹಾಡುತ್ತೇನೆ, ಅದೊಂದನ್ನು ಮಾತ್ರ ಪ್ರಾರ್ಥನೆಯಲ್ಲಿ ಎತ್ತುವುದೇ ಇಲ್ಲ.

ಮಂಗಳವಾರ ಕೆಲಸಕ್ಕೆ ಹೋಗುವಾಗ ಕಟ್ಟೆಯ ಹತ್ತಿರ ಅದೇ ಅಮ್ಮ ಕಂಡರು. ಹೂವಿನವನ ಜೊತೆ ಜೋರು ಜಗಳ. ನಿನ್ನೆಯ ರೇಟಿಗಿಂತ ಯಾಕೆ ಕಡಿಮೆ, ನನ್ನ ಮೊಗ್ಗು ಸಣ್ಣದಾ, ಕಟ್ಟಿದ್ದು ಸಡಿಲವಾ ಎಂದು ಅವನನ್ನು ಬಿಡುತ್ತಲೇ ಇರಲಿಲ್ಲ. ಐವತ್ತು ರೂಪಾಯಿ ಜಾಸ್ತಿ ಹಾಕಿಸಿಕೊಂಡೇ ನೋಟು ಸೊಂಟಕ್ಕೆ ಸಿಕ್ಕಿಸಿದರು. ಆಮೇಲೆ ನನ್ನನ್ನು ನೋಡಿ ನಕ್ಕು, ಬಸ್ಸು ಹೋಯ್ತಾ ಮಗಾ ಎಂದು ಕೇಳಿದರು.

ಹೋಗಿತ್ತು. ಬೈಕ್ ಹತ್ತಿ ಎಂದೆ.