499ರ ಪ್ಲಾನ್ ತಿಂಗಳಿಗೆ 750 ಆಗಿದ್ದು ಹೇಗೆ

ಮೈಸೂರಿನ ಕುವೆಂಪುನಗರದಲ್ಲಿ ಬಾಡಿಗೆ ಮನೆ ಹಿಡಿದಾಗ ಗ್ಯಾಸು, ಹಾಲು, ಪೇಪರು ಎಲ್ಲ ಸಲೀಸಾಗಿ ಆಯ್ತು. ತಲೆ ತಿಂದಿದ್ದು ಇಂಟರ್ನೆಟ್. ನನಗೆ ವರ್ಕ್ ಫ್ರಮ್ ಹೋಮ್, ಸೋಮವಾರದೊಳಗೆ ವೈಫೈ ಬೇಕೇ ಬೇಕು. ಗೇಟಿಗೆ ಯಾರೋ ಸಿಕ್ಕಿಸಿ ಹೋಗಿದ್ದ ಪಾಂಪ್ಲೆಟ್‌ನಲ್ಲಿ ‘100 ಎಂಬಿಪಿಎಸ್, ತಿಂಗಳಿಗೆ ಬರೀ 499’ ಅಂತ ದಪ್ಪಕ್ಷರದಲ್ಲಿತ್ತು. 499ರ ಪಕ್ಕದಲ್ಲೊಂದು ಪುಟ್ಟ ನಕ್ಷತ್ರ. ನಕ್ಷತ್ರ ಹಿಡಿದುಕೊಂಡು ಪಾಂಪ್ಲೆಟ್‌ನ ತಳಕ್ಕೆ ಹೋದರೆ ಅಲ್ಲಿ ‘ಷರತ್ತುಗಳು ಅನ್ವಯಿಸುತ್ತವೆ’ ಅಂತಷ್ಟೇ ಇದೆ. ಯಾವ ಷರತ್ತು ಅನ್ನೋದು ಎಲ್ಲೂ ಇಲ್ಲ.

ಇದನ್ನು ಡಲ್ಲಾಸ್‌ನಲ್ಲಿರುವ ಚಿಕ್ಕಪ್ಪನ ಮಗನಿಗೆ ಫೋನಲ್ಲಿ ಹೇಳಿದೆ. ಅವನು ತನ್ನ ಇಂಟರ್ನೆಟ್ ಕಂಪನಿಯ ವೆಬ್‌ಸೈಟಿನಿಂದ ಒಂದು ಸ್ಕ್ರೀನ್‌ಶಾಟ್ ಕಳಿಸಿದ. ಅಮೆರಿಕದಲ್ಲಿ 2024ರ ಏಪ್ರಿಲ್‌ನಿಂದ ದೊಡ್ಡ ಇಂಟರ್ನೆಟ್ ಕಂಪನಿಗಳು ಪ್ರತಿ ಪ್ಲಾನ್ ಜೊತೆ ಒಂದು ಲೇಬಲ್ ತೋರಿಸಲೇಬೇಕಂತೆ. ತಿಂಡಿ ಪ್ಯಾಕೆಟ್ ಹಿಂದೆ ಪೌಷ್ಟಿಕಾಂಶದ ಪಟ್ಟಿ ಇರುತ್ತಲ್ಲ, ಅದೇ ಮಾದರಿಯದ್ದು. ತಿಂಗಳ ಬೆಲೆ ಎಷ್ಟು, ಶುರುವಿನಲ್ಲಿ ಒಂದೇ ಸಲ ಕೊಡೋದು ಎಷ್ಟು, ಮಧ್ಯದಲ್ಲಿ ಬಿಟ್ಟರೆ ದಂಡ ಎಷ್ಟು, ಡೇಟಾ ಎಷ್ಟು, ಎಲ್ಲ ಅದರಲ್ಲೇ. ನಮ್ಮಲ್ಲಿ ಅಂಥ ಲೇಬಲ್ ಇಲ್ಲ. ಸರಿ, ನಾನೇ ಒಂದು ನೋಟ್‌ಬುಕ್ ಹಾಳೆಯಲ್ಲಿ ಅದೇ ಕಾಲಂಗಳನ್ನು ಹಾಕಿದೆ. ಕೊನೆಗೆ ನನ್ನದೇ ಎರಡು ಸೇರಿಸಿದೆ: ಮನೆ ಖಾಲಿ ಮಾಡಿದರೆ ಏನು ಮಾಡ್ತೀರಿ, ಮತ್ತು ಬಿಲ್ ಕೊಡ್ತೀರಾ.

ಖಾಲಿ ಮಾಡೋ ಮಾತು ಯಾಕೆಂದರೆ ನನ್ನ ಬಾಡಿಗೆ ಅಗ್ರಿಮೆಂಟ್ 11 ತಿಂಗಳದ್ದು. ಎಲ್ಲರದೂ ಅಷ್ಟೇ ಅಲ್ವಾ. ಆದರೆ ಇಂಟರ್ನೆಟ್ ಪ್ಲಾನ್‌ಗಳು 6 ತಿಂಗಳು, 12 ತಿಂಗಳು ಅಂತ ಬರುತ್ತವೆ. ಬಾಡಿಗೆದಾರರ ದುಡ್ಡು ಸೋರೋದು ಈ ಸಂದಿಯಲ್ಲೇ. ಅದನ್ನು ಯಾವ ಪಾಂಪ್ಲೆಟ್ಟೂ ಹೇಳುವುದಿಲ್ಲ.

ಶನಿವಾರ ಬೆಳಿಗ್ಗೆ 499ರ ಹುಡುಗ ಬಂದ. ಒಳ್ಳೆಯ ಹುಡುಗ, ಮಾತು ಮಾತ್ರ ಒಂದೇ ಉಸಿರಿನಲ್ಲಿ. “ಮೇಡಂ, ಆಧಾರ್ ಕೊಡಿ, ಸಂಜೆಯೊಳಗೆ ಆ್ಯಕ್ಟಿವೇಟ್ ಮಾಡಿಸ್ತೀನಿ” ಅಂದ. ಮೊದಲು ಹಾಳೆ ತುಂಬೋಣ ಅಂದೆ. ತಿಂಗಳಿಗೆ 499, ಸರಿ. ಜಿಎಸ್‌ಟಿ ಸೇರಿದೆಯಾ? ಇಲ್ಲ, 18 ಪರ್ಸೆಂಟ್ ಬೇರೆ. ಹಾಗಾದರೆ 589. ತಿಂಗಳು ತಿಂಗಳು ಕಟ್ಟಬಹುದಾ? ಇಲ್ಲ, ಈ ರೇಟು 6 ತಿಂಗಳು ಅಡ್ವಾನ್ಸ್ ಕಟ್ಟಿದವರಿಗೆ ಮಾತ್ರ. ಇನ್‌ಸ್ಟಾಲೇಷನ್? ವರ್ಷದ್ದು ಒಟ್ಟಿಗೆ ಕಟ್ಟಿದರೆ ಫ್ರೀ, 6 ತಿಂಗಳಿಗೆ 1000, ಅದಕ್ಕೂ ಜಿಎಸ್‌ಟಿ. ರೂಟರ್ ಫ್ರೀ ಅಂತ ಪಾಂಪ್ಲೆಟ್‌ನಲ್ಲಿತ್ತು. ರೂಟರ್ ಫ್ರೀನೇ, ಡಿಪಾಸಿಟ್ 1500 ಅಂದ. ಅದನ್ನು ಬರೆಯುವಾಗ ಹುಡುಗ ಸುಮ್ನೆ ಅಭ್ಯಾಸಬಲದಿಂದ 1770 ಅಂತ ಬರೆದ. ವಾಪಸ್ ಕೊಡೋ ಡಿಪಾಸಿಟ್‌ಗೆ ಎಲ್ಲಿಯ ಜಿಎಸ್‌ಟಿ? ಅದು ಸೇವೆಗೆ ಕೊಟ್ಟ ದುಡ್ಡಲ್ಲವಲ್ಲ. ಅವನು ಯಾರಿಗೋ ಫೋನ್ ಮಾಡಿ, ಎರಡು ನಿಮಿಷ ಬಾಲ್ಕನಿಯಲ್ಲಿ ಓಡಾಡಿ, ಒಳಗೆ ಬಂದು ಹೊಡೆದುಹಾಕಿದ. ಆಮೇಲೂ ಮೊದಲ ದಿನವೇ ಕೈಯಿಂದ ಹೋಗೋದು 6,213 ರೂಪಾಯಿ.

ಇನ್ನು 11 ತಿಂಗಳ ಲೆಕ್ಕ. ಪ್ಲಾನ್ ಆರಾರು ತಿಂಗಳದ್ದು, ಹಾಗಾಗಿ ನಾನು 11 ತಿಂಗಳಿದ್ದರೂ 12ಕ್ಕೆ ಕಟ್ಟಬೇಕು. ಅದು 7,066. ಇನ್‌ಸ್ಟಾಲೇಷನ್ 1,180. ಒಟ್ಟು 8,246. ಹನ್ನೊಂದರಿಂದ ಭಾಗಿಸಿದರೆ ತಿಂಗಳಿಗೆ 750 ಹತ್ತಿರ ಬಂತು. ಡಿಪಾಸಿಟ್ ವಾಪಸ್ ಬರುತ್ತೆ ಅಂತ ನಂಬಿ, ಅದನ್ನು ಲೆಕ್ಕಕ್ಕೆ ಹಿಡಿಯದೆ. ಹುಡುಗನೂ ಕ್ಯಾಲ್ಕುಲೇಟರ್ ನೋಡಿ ‘ಹೌದಲ್ವಾ’ ಅಂದ. ನಾನು ಮನೆ ಬದಲಿಸಿದಾಗ ಹೊಸ ಏರಿಯಾದಲ್ಲಿ ನಿಮ್ಮ ಲೈನ್ ಇಲ್ಲದಿದ್ದರೆ ಉಳಿದ ತಿಂಗಳ ದುಡ್ಡು? ಅದು ಹೋದ ಹಾಗೇ ಮೇಡಂ ಅಂದ. ಪ್ರಾಮಾಣಿಕವಾಗಿ ಹೇಳಿದ, ಅದಕ್ಕೆ ಕಾಫಿ ಕೊಟ್ಟೆ.

ಡಿಪಾಸಿಟ್ ವಿಷಯದಲ್ಲಿ ನನಗೆ ಅನುಮಾನ ಜಾಸ್ತಿ, ಅದಕ್ಕೆ ಕಾರಣ ಇದೆ. ಬೆಂಗಳೂರಿನ ಮನೆ ಬಿಡುವಾಗ ಹಳೇ ಕಂಪನಿಯವರು ರೂಟರ್ ತೆಗೆದುಕೊಂಡು ಹೋಗಿ, ಅಡಾಪ್ಟರ್ ಕೊಟ್ಟಿಲ್ಲ ಅಂತ 500 ಮುರಿದುಕೊಂಡಿದ್ದರು. ಒಯ್ಯಲು ಬಂದವನ ಕೈಗೆ ಕೊಡೋ ಮುಂಚೆ ರೂಟರ್, ಅಡಾಪ್ಟರ್, ಹಿಂದಿನ ಸೀರಿಯಲ್ ನಂಬರ್ ಎಲ್ಲ ಒಂದೇ ಫೋಟೋದಲ್ಲಿ ಬರುವ ಹಾಗೆ ನಾನು ತೆಗೆದಿಟ್ಟಿದ್ದೆ. ಕಸ್ಟಮರ್ ಕೇರ್‌ನವರು ದೂರಿನ ನಂಬರ್ ಕೊಟ್ಟು ‘ಕ್ಲೋಸ್ಡ್’ ಅಂತ ಮೆಸೇಜ್ ಕಳಿಸಿ ಕೈ ತೊಳೆದುಕೊಂಡರು. ಹಾಗಾದಾಗ ಅದೇ ಕಂಪನಿಯ ಮೇಲ್ಮನವಿ ಪ್ರಾಧಿಕಾರಕ್ಕೆ ಬರೆಯಬಹುದು. ಟೆಲಿಕಾಂ ಕಂಪನಿಗಳ ಮೇಲೆ ನಿಗಾ ಇಡೋ ಟ್ರಾಯ್‌ನ ನಿಯಮದ ಪ್ರಕಾರ ಕಂಪನಿಗಳು ಅದನ್ನು ಇಟ್ಟಿರಬೇಕು, ವಿಳಾಸ ವೆಬ್‌ಸೈಟಿನ ಮೂಲೆಯಲ್ಲೆಲ್ಲೋ ಇರುತ್ತೆ. ಫೋಟೋ ಹಾಕಿ ಬರೆದೆ, 500 ಬಂತು. ಟ್ರಾಯ್‌ಗೇ ನೇರವಾಗಿ ದೂರು ಕೊಡಿ ಅಂತ ತುಂಬಾ ಜನ ಹೇಳ್ತಾರೆ, ಅವರು ಒಬ್ಬೊಬ್ಬರ ಬಿಲ್ ಜಗಳ ಬಿಡಿಸುವುದಿಲ್ಲ. ಮೇಲ್ಮನವಿಯಲ್ಲೂ ಆಗದಿದ್ದರೆ 1915ಕ್ಕೆ, ಅಂದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಗೆ ಫೋನ್ ಮಾಡೋದು ವಾಸಿ.

ಮಧ್ಯಾಹ್ನ ಎರಡನೇ ಕಂಪನಿ. 699, ತಿಂಗಳು ತಿಂಗಳು ಬಿಲ್, ಇನ್‌ಸ್ಟಾಲೇಷನ್ ಇಲ್ಲ, ಸಿನಿಮಾ ಆ್ಯಪ್ ಮೂರು ತಿಂಗಳು ಫ್ರೀ. ಜಿಎಸ್‌ಟಿ ಸೇರಿ 825. ನಾಲ್ಕನೇ ತಿಂಗಳಿಂದ ಆ ಆ್ಯಪ್‌ಗೆ 149 ತಾನಾಗಿಯೇ ಬಿಲ್ಲಿಗೆ ಬೀಳುತ್ತೆ, ಬೇಡವಾದರೆ ನಾವೇ ನೆನಪಿಟ್ಟುಕೊಂಡು ನಿಲ್ಲಿಸಬೇಕು. ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2023ರ ನವೆಂಬರ್‌ನಲ್ಲಿ ಡಾರ್ಕ್ ಪ್ಯಾಟರ್ನ್‌ಗಳ (ಗ್ರಾಹಕರನ್ನು ಯಾಮಾರಿಸೋ ತಂತ್ರಗಳ) ಮೇಲೆ ಮಾರ್ಗಸೂಚಿ ತಂದು 13 ಬಗೆಯ ಆಟಗಳನ್ನು ಹೆಸರಿಸಿದೆ. ಚಂದಾದಾರಿಕೆಯ ಬಲೆ ಅದರಲ್ಲಿ ಒಂದು, ಬೆಲೆಯನ್ನು ಮೊದಲೇ ಪೂರ್ತಿ ಹೇಳದೆ ಸ್ವಲ್ಪ ಸ್ವಲ್ಪವೇ ತೋರಿಸೋದು ಇನ್ನೊಂದು. ನನ್ನ ಹಾಳೆಯಲ್ಲಿ ಆಗಲೇ ಎರಡೂ ಬಂದು ಕೂತಿದ್ದವು.

ಒಂದು ವಿಷಯಕ್ಕೆ ಮಾತ್ರ ಜನ ಸುಮ್ನೆ ಹೆದರ್ತಾರೆ ಅನ್ಸುತ್ತೆ. ಅದು ಎಫ್‌ಯುಪಿ. ‘ಅನ್‌ಲಿಮಿಟೆಡ್ ಅಂತಾರೆ, ಆದರೆ 3300 ಜಿಬಿ ಆದಮೇಲೆ ಸ್ಪೀಡ್ ಇಳಿಸ್ತಾರೆ’ ಅಂತ. ಎಚ್‌ಡಿ ಸಿನಿಮಾಗೆ ಗಂಟೆಗೆ ಸುಮಾರು 3 ಜಿಬಿ ಅಂದರೂ 3300 ಜಿಬಿ ಮುಗಿಸೋಕೆ 1100 ಗಂಟೆ ಬೇಕು. 30 ದಿನದ ತಿಂಗಳಲ್ಲಿ ಇರೋದೇ 720 ಗಂಟೆ. 3300 ಇದ್ದರೆ ಚಿಂತೆ ಬಿಟ್ಟುಬಿಡಿ. ಇನ್ನೂರು, ಮುನ್ನೂರು ಜಿಬಿ ಅಂದಾಗ ಮಾತ್ರ ಯೋಚಿಸಿ.

ಸಂಜೆ ನಮ್ಮ ಬೀದಿಯ ಕೇಬಲ್‌ನವರು. “ತಿಂಗಳಿಗೆ 600, ಎಲ್ಲಾ ಸೇರಿ, ಯಾವಾಗ ಬೇಕಾದ್ರೂ ಬಿಡಿ.” ರೂಟರ್ 1600ಕ್ಕೆ ಕೊಂಡುಕೊಳ್ಳಬೇಕು ಅಂದರು. ನನ್ನ ಹತ್ತಿರ ಹಳೇ ಡ್ಯುಯಲ್ ಬ್ಯಾಂಡ್ (2.4 ಮತ್ತು 5 ಗಿಗಾಹರ್ಟ್ಸ್ ಎರಡೂ ಇರೋ) ರೂಟರ್ ಇತ್ತು, ಅವರದು 2.4 ಗಿಗಾಹರ್ಟ್ಸ್ ಮಾತ್ರದ್ದು, ಅದರಲ್ಲಿ ವೈಫೈಗೆ 100 ಎಂಬಿಪಿಎಸ್ ಸಿಗೋದು ಕಷ್ಟ. ಫೈಬರ್ ವೈರ್ ಬಂದು ಸೇರೋ ಓಎನ್‌ಟಿ ಡಬ್ಬಿ ಮಾತ್ರ ಸಾಕು ಅಂದೆ. 1200ಕ್ಕೆ ಒಪ್ಪಿದರು. ವೈರಿಗೆ 50 ಮೀಟರ್‌ವರೆಗೆ 500, ಆಮೇಲೆ ಮೀಟರಿಗೆ 10. ಬಿಲ್? “ಬಿಲ್ ಬೇಕಾದ್ರೆ ಟ್ಯಾಕ್ಸ್ ಬೇರೆ ಆಗುತ್ತೆ ಮೇಡಂ, 708.”

ನನ್ನ ಆಫೀಸಿನವರು ಇಂಟರ್ನೆಟ್ ಖರ್ಚು ಕೊಡ್ತಾರೆ, ಆದರೆ ಜಿಎಸ್‌ಟಿ ಬಿಲ್ ಇಲ್ಲದೆ ಕೊಡಲ್ಲ. ಬೀದಿಯ ಕೇಬಲ್‌ನವರು ಸಾಮಾನ್ಯವಾಗಿ ಯಾವುದೋ ದೊಡ್ಡ ಇಂಟರ್ನೆಟ್ ಕಂಪನಿಯ ಫ್ರಾಂಚೈಸಿ ಆಗಿರ್ತಾರೆ, ಅದಕ್ಕೊಂದು ಗ್ರಾಹಕರ ಆ್ಯಪ್ ಇರುತ್ತೆ. ಅವರ ಎದುರಿಗೇ ಆ್ಯಪ್ ಹಾಕಿಕೊಂಡೆ. ಅದೇ ಪ್ಲಾನ್: 508, ಜಿಎಸ್‌ಟಿ 91.44, ಒಟ್ಟು 599.44. ಫೋನ್ ಅವರ ಕಡೆ ತಿರುಗಿಸಿದೆ. “ಓ, ಅದ್ರಲ್ಲೇ ಕಟ್ಬಿಡಿ ಹಾಗಾದ್ರೆ” ಅಂತ ನಕ್ಕರು. 11 ತಿಂಗಳಿಗೆ 6,600, ಡಬ್ಬಿ 1200, ವೈರ್ 500. ಭಾಗಿಸಿದರೆ ತಿಂಗಳಿಗೆ 755. ಬೆಳಿಗ್ಗೆಯ 499ರ ಪ್ಲಾನ್‌ಗಿಂತ ಐದು ರೂಪಾಯಿ ಜಾಸ್ತಿ! ಆದರೆ ಇಲ್ಲಿ 6,213 ಒಟ್ಟಿಗೆ ಕೊಟ್ಟು ಕೂರಬೇಕಿಲ್ಲ, ಡಿಪಾಸಿಟ್‌ಗೆ ಯಾರ ಹಿಂದೆಯೂ ಅಲೆಯಬೇಕಿಲ್ಲ. ಇದೇ ಆಗಲಿ ಅಂದೆ. ಮಾತಾಡಿದ್ದನ್ನೆಲ್ಲ ವಾಟ್ಸ್ಆ್ಯಪ್‌ನಲ್ಲಿ ಟೈಪ್ ಮಾಡಿ ಕಳಿಸಿದೆ, ಅವರು ‘ಓಕೆ’ ಅಂತ ಹಾಕಿದರು.

ಭಾನುವಾರ ಕಂಬದಿಂದ ವೈರ್ ಎಳೆಯಲು ಬಂದ ಹುಡುಗ ಕೆಲಸ ಮುಗಿಸಿ “80 ಮೀಟರ್ ಆಯ್ತು ಮೇಡಂ, 800” ಅಂದ. ಫೈಬರ್ ವೈರಿನ ಮೈಮೇಲೆ ಮೀಟರಿಗೊಂದರಂತೆ ಬಿಳಿ ಬಣ್ಣದಲ್ಲಿ ನಂಬರ್ ಅಚ್ಚಾಗಿರುತ್ತೆ. ಕಿಟಕಿ ಹತ್ತಿರ 1263 ಇತ್ತು. ಕಂಬದ ಡಬ್ಬಿ ಹತ್ತಿರ ಎಷ್ಟಿದೆ ನೋಡಪ್ಪ ಅಂದೆ. ಅವನು ಮತ್ತೆ ಏಣಿ ಹತ್ತಿ ‘1216’ ಅಂತ ಮೇಲಿಂದಲೇ ಕೂಗಿದ, ಕೂಗಿದಮೇಲೆ ತಾನೇ ನಕ್ಕ. 47 ಮೀಟರ್. 500 ಯುಪಿಐ ಮಾಡಿದೆ.

ಇದನ್ನೆಲ್ಲ ಮೇಲಿನ ಮನೆಯ ಆಂಟಿ ಮೆಟ್ಟಿಲ ಮೇಲೆ ನಿಂತು ನೋಡುತ್ತಿದ್ದರು. ಅವರದೂ ಅದೇ ಕೇಬಲ್, ಅದೇ ಪ್ಲಾನ್, ತಿಂಗಳು ತಿಂಗಳು 700 ನಗದು ಕೊಡ್ತಿದ್ದಾರಂತೆ. ಅವರ ಫೋನಿಗೂ ಆ್ಯಪ್ ಹಾಕಿಕೊಟ್ಟೆ. 599.44 ನೋಡಿದ್ದೇ ಅವರು ಕೇಬಲ್‌ನವರಿಗೆ ಫೋನ್ ಹಚ್ಚಿದರು, ಆ ಕಡೆಯಿಂದ ಯಾರೂ ಎತ್ತಲಿಲ್ಲ.