ಉಸಿರು ತೆಗೆದುಬಿಟ್ಟೆ ಮಾಮ

ಮಂಗಳವಾರದಿಂದ ಒಂದೇ ಮಾತು ತಲೆಯೊಳಗೆ ಗುಂಯ್‌ಗುಟ್ಟುತ್ತಿದೆ. “ಉಸಿರು ಕೇಳಿಸ್ತಿತ್ತು ಮಾಮ, ಅದನ್ನೂ ತೆಗೆದುಬಿಟ್ಟೆ.” ಅಕ್ಕನ ಮಗ ಎಷ್ಟು ಖುಷಿಯಿಂದ ಹೇಳಿದ ಅಂದರೆ ಬೈಯೋಕೆ ಬಾಯೇ ಬರಲಿಲ್ಲ.

ತೆಗೆದದ್ದು ಬಿಲ್ ವಿದರ್ಸ್‌ನ ಉಸಿರನ್ನು. ‘ಏಂಟ್ ನೋ ಸನ್‌ಶೈನ್’ ಹಾಡಿದ ಪುಣ್ಯಾತ್ಮ, ಅಮೆರಿಕದ ಕರಿಯರ ‘ಸೋಲ್’ ಸಂಗೀತದ ಗಾಯಕ. ಈತ ಟಿವಿಗಳಲ್ಲಿ ಹಾಡಿದ್ದನ್ನೆಲ್ಲ ಸೇರಿಸಿ ನನ್ನಷ್ಟಕ್ಕೆ ಒಂದು ಆಲ್ಬಂ ಮಾಡಿಕೊಳ್ಳುವ ಹುಚ್ಚು ನನಗೆ ಬಹಳ ದಿನದಿಂದ. ಮಾರುವುದಕ್ಕಲ್ಲ, ಎಲ್ಲೂ ಹಾಕುವುದಕ್ಕೂ ಅಲ್ಲ. ನಮ್ಮ ಕಾನೂನಿನಲ್ಲಿ ಹಾಡಿನ ಹಕ್ಕು ಬರೆದವನು ತೀರಿಕೊಂಡ ಮೇಲೂ 60 ವರ್ಷ ಇರುತ್ತದೆ. ವಿದರ್ಸ್ ಹೋದದ್ದು 2020ರ ಮಾರ್ಚ್‌ನಲ್ಲಿ, ಅಂದರೆ 2080ರವರೆಗೆ ಯಾರೂ ಮುಟ್ಟುವಂತಿಲ್ಲ. ನಾನು ಅಷ್ಟು ದಿನ ಇರುವ ಪೈಕಿಯಲ್ಲ. ಹಾಗಾಗಿ ಒಂದು ಪೆನ್‌ಡ್ರೈವ್, ಸಂಜೆ ಹೊತ್ತು, ಕಿವಿಗೆ ಹೆಡ್‌ಫೋನ್.

ನಿಯಮ ಎರಡೇ. ಟಿವಿಗಾಗಿ ಹಾಡಿರಬೇಕು, ನಿಜವಾಗಿ ಹಾಡಿರಬೇಕು. ಎರಡನೆಯದು ಹೇಳಿದಷ್ಟು ಸುಲಭವಲ್ಲ. ಆಗಿನ ಕಾಲದ ಟಿವಿಯಲ್ಲಿ ರೆಕಾರ್ಡ್ ಹಾಕಿ ಗಾಯಕರನ್ನು ಮುಂದೆ ನಿಲ್ಲಿಸುವ ಚಾಳಿ ಇತ್ತು. ‘ಸೋಲ್ ಟ್ರೇನ್’ನಂಥ ಹೆಸರಾಂತ ಕಾರ್ಯಕ್ರಮಕ್ಕೆ ಬಂದವರಲ್ಲೂ ಬಹುಪಾಲು ಜನ ತುಟಿಯಾಡಿಸಿ ಹೋದವರೇ. 1974ರಲ್ಲಿ ಆಫ್ರಿಕಾದ ಕಿನ್ಶಾಸಾದಲ್ಲಿ ಈತ ಗಿಟಾರ್ ಹಿಡಿದು ಹಾಡಿದ ‘ಹೋಪ್ ಶೀಲ್ ಬಿ ಹ್ಯಾಪಿಯರ್’ ಬಿಡೋಕೆ ಹೊಟ್ಟೆ ಉರಿಯಿತು, ಆದರೆ ಅದು ಸಿನಿಮಾ ಕ್ಯಾಮೆರಾ ಹಿಡಿದದ್ದು. ನಿಯಮ ಅಂದರೆ ನಿಯಮ.

ಇನ್ನು ನಮ್ಮ ಹುಡುಗ ಇದರೊಳಗೆ ಬಂದದ್ದು ಹೇಗೆ ಅಂದರೆ, ನನ್ನ ಕಿವಿಯ ದೆಸೆಯಿಂದ. ಹಳೇ ಪಿಕ್ಚರ್ ಟ್ಯೂಬ್ ಟಿವಿಗಳ ಹತ್ತಿರ ಸಣ್ಣಗೆ ‘ಕೀ...’ ಅಂತ ಒಂದು ಸದ್ದು ಇರುತ್ತಿತ್ತಲ್ಲ, ಅದು ಸ್ಟುಡಿಯೋದ ಟಿವಿಗಳಿಂದ ಮೈಕಿಗೆ ಹೋಗಿ ರೆಕಾರ್ಡಿಂಗ್‌ನಲ್ಲೂ ಕೂತಿರುತ್ತದೆ. ಆ ಟಿವಿಗಳು ಚಿತ್ರವನ್ನು ಗೆರೆಗೆರೆಯಾಗಿ ಬಿಡಿಸುತ್ತಿದ್ದವು, ಸೆಕೆಂಡಿಗೆ ಎಷ್ಟು ಗೆರೆಯೋ ‘ಕೀ’ ಸದ್ದೂ ಅಷ್ಟು ಹರ್ಟ್ಸ್ ಎತ್ತರ. ಬ್ರಿಟನ್ನಿನ ಪರದೆಗೆ 625 ಗೆರೆ, ಸೆಕೆಂಡಿಗೆ 25 ಚಿತ್ರ. ಗುಣಿಸಿದರೆ 15,625 ಹರ್ಟ್ಸ್. ಅಮೆರಿಕದ್ದಾದರೆ 15,734ರ ಆಸುಪಾಸು. ಕಂಪ್ಯೂಟರಿನಲ್ಲಿ ಧ್ವನಿಯನ್ನು ಚಿತ್ರವಾಗಿ ತೆರೆದರೆ ಮೇಲ್ಗಡೆ ನೆಟ್ಟಗೆ ಒಂದು ಗೆರೆ ಕಾಣುತ್ತದೆ. ಬಿಬಿಸಿಯದು ಅಂತ ಸಿಕ್ಕಿದ ತುಣುಕಿನಲ್ಲಿ ಆ ಗೆರೆ 15,625ರಲ್ಲಿ ಇದ್ದರೆ ಟೇಪು ಸರಿಯಾದ ವೇಗದಲ್ಲಿ ಓಡಿದೆ ಅಂತ ನಂಬಬಹುದು. ಮೇಲೆ ಕೆಳಗೆ ಜರುಗಿದ್ದರೆ ಎಲ್ಲೋ ಯಾರೋ ನಕಲು ಮಾಡುವಾಗ ವೇಗ ಕೆಡಿಸಿದ್ದಾರೆ, ಹಾಡಿನ ಶ್ರುತಿಯೂ ಅದರ ಜೊತೆಗೇ ಕೆಟ್ಟಿದೆ. ಶ್ರುತಿಪೆಟ್ಟಿಗೆ ಇಲ್ಲದ ಊರಲ್ಲಿ ಇದೇ ನನಗೆ ಶ್ರುತಿಪೆಟ್ಟಿಗೆ.

ಕಷ್ಟ ಏನೆಂದರೆ ಆ ‘ಕೀ’ ನನಗೆ ಕಾಣುತ್ತದೆ, ಕೇಳಿಸುವುದಿಲ್ಲ. ನನ್ನ ವಯಸ್ಸಿನವರಿಗೆ ಅಷ್ಟು ಎತ್ತರದ ಸದ್ದು ಕೈಬಿಟ್ಟು ಹೋಗಿರುತ್ತದೆ. ಅಕ್ಕನ ಮಗ ಹೆಡ್‌ಫೋನ್ ಹಾಕಿಕೊಂಡ ತಕ್ಷಣ “ಅಯ್ಯೋ ಮಾಮ, ಇದೇನು ಕಿವಿ ಕೊರೀತಿದೆ!” ಅಂತ ಕಿತ್ತೆಸೆದ. ಅವನು ಮದುವೆ ವಿಡಿಯೋ, ರೀಲ್ಸು ಎಡಿಟ್ ಮಾಡುವವನು, ಒಳ್ಳೇ ಕೈ. “ಆ ಕೀ ಒಂದನ್ನ ತೆಗೆದುಕೊಡೋ” ಅಂದೆ. ಒಂದನ್ನ ಅಂತ ಒತ್ತಿ ಹೇಳಿದ್ದೆ. ಆದರೆ ಈಗಿನ ಹುಡುಗರಿಗೆ ಒಂದು ಕೆಲಸ ಹೇಳಿದರೆ ನಾಲ್ಕು ಮಾಡಿ ತರುವ ಅತಿ ಉತ್ಸಾಹ. ಅದಕ್ಕೆ ತಕ್ಕ ಸಾಫ್ಟ್‌ವೇರ್‌ಗಳೂ ಇವೆ, ಒಂದು ಗುಂಡಿ ಒತ್ತಿದರೆ ದನಿ ಬೇರೆ, ಡ್ರಮ್ ಬೇರೆ, ಜನ ಬೇರೆ.

ಮಂಗಳವಾರ ತಂದುಕೊಟ್ಟ. ಮೊದಲು ಹಾಕಿದ್ದೇ 1972ರಲ್ಲಿ ಬಿಬಿಸಿಯ ‘ಓಲ್ಡ್ ಗ್ರೇ ವಿಸಲ್ ಟೆಸ್ಟ್’ನಲ್ಲಿ ಹಾಡಿದ ‘ಏಂಟ್ ನೋ ಸನ್‌ಶೈನ್’. ನೋಡಿದವರಿಗೆ ಗೊತ್ತು. ಕೂತುಕೊಂಡು, ತೊಡೆಯ ಮೇಲೆ ಗಿಟಾರ್, ಕತ್ತಿನವರೆಗೆ ಮುಚ್ಚುವ ಸ್ವೆಟರ್, ಮುಖದ ಮೇಲೆ ಬೆವರು ಫಳಫಳ. ಕ್ಯಾಮೆರಾ ಅವನ ಮುಖ ಬಿಟ್ಟು ಹೆಚ್ಚು ದೂರ ಹೋಗುವುದಿಲ್ಲ. ಮಧ್ಯೆ ಆ ‘ಐ ನೋ, ಐ ನೋ, ಐ ನೋ’ ಬರುತ್ತದಲ್ಲ, ರೆಕಾರ್ಡಿನಲ್ಲಿ ಅದು 26 ಸಲ. ಅಲ್ಲಿಗೆ ಬೇರೆ ಸಾಲು ಬರೆಯಬೇಕು ಅಂತಿದ್ದನಂತೆ, ಆಲ್ಬಂ ನಿರ್ಮಿಸಿದ ಬೂಕರ್ ಟಿ. ಜೋನ್ಸ್ ಮತ್ತು ಜೊತೆಗಿದ್ದ ವಾದ್ಯಗಾರರು ಬೇಡ, ಹಾಗೇ ಬಿಡು ಅಂದರಂತೆ. ವಿದರ್ಸ್ ಆಗಿನ್ನೂ ವಿಮಾನಗಳಿಗೆ ಶೌಚಾಲಯದ ಸಾಮಾನು ಮಾಡುವ ಕಾರ್ಖಾನೆಯ ನೌಕರ, ಅವರು ಪಳಗಿದವರು. ಸುಮ್ಮನೆ ಒಪ್ಪಿಕೊಂಡ. ಟಿವಿಯಲ್ಲಿ ಹಾಡುವಾಗ ಆ ಸಾಲು ಎಳೆಯುತ್ತಾ ಎಳೆಯುತ್ತಾ ನಡುನಡುವೆ ಕದ್ದು ಕದ್ದು ಗಾಳಿ ಎಳೆದುಕೊಳ್ಳುತ್ತಾನೆ. ಆ ಸದ್ದಿಗೋಸ್ಕರವೇ ನಾನು ರೆಕಾರ್ಡ್ ಬಿಟ್ಟು ಟಿವಿಯ ಬೆನ್ನು ಹತ್ತಿದ್ದು.

ಹುಡುಗ ತಂದದ್ದರಲ್ಲಿ ಅದು ಇಲ್ಲ. ಒಂದು ‘ಐ ನೋ’ ಮುಗಿದು ಇನ್ನೊಂದು ಶುರುವಾಗುವ ಮಧ್ಯೆ ಖಾಲಿ. ಮನುಷ್ಯ ಉಸಿರಾಡದೆ ಹಾಡುತ್ತಿದ್ದಾನೆ.

“ಇಲ್ಲೇನೋ ಇತ್ತಲ್ಲೋ?” ಅಂದೆ.

“ಉಸಿರು ಕೇಳಿಸ್ತಿತ್ತು ಮಾಮ, ಅದನ್ನೂ ತೆಗೆದುಬಿಟ್ಟೆ. ಈಗ ಸ್ಟುಡಿಯೋ ಥರ ಇದೆ ನೋಡಿ.”

ಬೇರೆ ಹಾಡುಗಳಲ್ಲಿ ಚಪ್ಪಾಳೆ ಹೋಗಿದೆ, ಹಾಡಿಗೆ ಮುಂಚಿನ ಮಾತು ಹೋಗಿದೆ, ಕಾಲು ತಟ್ಟುವುದು ಹೋಗಿದೆ. ಮೇಲೊಂದು ಮುಖಪುಟವನ್ನೂ ಮಾಡಿ ತಂದಿದ್ದ, ಚಿನ್ನದ ಬಣ್ಣದ ಹೊಗೆಯೊಳಗೆ ಸೂಟು ಹಾಕಿದ ಯಾರೋ. 1971ರ ಮೊದಲ ಆಲ್ಬಂನ ಮುಖಪುಟದಲ್ಲಿ ಈತ ಕಾರ್ಖಾನೆಯ ಗೋಡೆಯ ಪಕ್ಕ ಊಟದ ಡಬ್ಬಿ ಹಿಡಿದು ನಿಂತಿದ್ದಾನೆ ಕಣೋ ಅಂದರೆ, “ಅದು ಡಲ್ ಇದೆ” ಅಂದ.

ಚಪ್ಪಾಳೆ ಹೋಗಲಿ ಅನ್ನೋಣ. ಮಾತು? ವಿದರ್ಸ್‌ಗೆ 28 ವರ್ಷ ಆಗುವವರೆಗೂ ಉಗ್ಗು ಇತ್ತು. ವೆಸ್ಟ್ ವರ್ಜಿನಿಯಾದ ಸ್ಲ್ಯಾಬ್ ಫೋರ್ಕ್ ಅನ್ನೋ ಗಣಿ ಊರಿನ ಹುಡುಗ, ನೌಕಾಪಡೆಯಲ್ಲಿ ಒಂಬತ್ತು ವರ್ಷ ಕಳೆದವನು, ಮಾತೆತ್ತಲು ತಡವರಿಸುತ್ತಿದ್ದವನು. ಅಂಥವನು ಮೂವತ್ತು ದಾಟಿದ ಮೇಲೆ ತುಂಬಿದ ಸಭೆಯ ಮುಂದೆ ಕೂತು ನಿಧಾನವಾಗಿ ಕತೆ ಹೇಳುತ್ತಾನೆ. 1972ರ ಕಾರ್ನೆಗಿ ಹಾಲ್ ಕಛೇರಿಯಲ್ಲಿ ‘ಗ್ರ್ಯಾಂಡ್‌ಮಾಸ್ ಹ್ಯಾಂಡ್ಸ್’ ಹಾಡುವ ಮುಂಚೆ ಅಜ್ಜಿಯ ಬಗ್ಗೆ ಎಷ್ಟು ಹೊತ್ತು ಮಾತಾಡುತ್ತಾನೆ ಕೇಳಿ. ಎಲ್ಲಿ ನಿಲ್ಲಿಸಬೇಕು, ಎಲ್ಲಿ ಜನ ನಗುತ್ತಾರೆ, ಎಲ್ಲಿ ಉಸಿರು ತಗೋಬೇಕು, ಎಲ್ಲ ಲೆಕ್ಕ. ಉಗ್ಗು ಇರುವವರನ್ನು ಹತ್ತಿರದಿಂದ ಕಂಡವರಿಗೆ ಗೊತ್ತಿರುತ್ತದೆ, ಅವರ ಜಗಳವೆಲ್ಲ ಆ ಉಸಿರಿನ ಜೊತೆಗೇ. ಈತ ಅಷ್ಟು ವರ್ಷ ಹೆಣಗಿ ಪಳಗಿಸಿಕೊಂಡದ್ದನ್ನು ನಮ್ಮವನು ಗುಂಡಿ ಒತ್ತಿ ಗುಡಿಸಿ ಹಾಕಿದ.

ಅಕ್ಕ ರಾತ್ರಿ ಫೋನ್ ಮಾಡಿದಳು. ಮಗನ ಮುಖ ಚಿಕ್ಕದಾಗಿತ್ತಂತೆ. “ಚೆನ್ನಾಗಿ ಮಾಡ್ಕೊಟ್ರೂ ತಪ್ಪಾ ನಿಂಗೆ? ನಿನ್ನ ಭೀಮಸೇನ ಜೋಶಿ ಕ್ಯಾಸೆಟ್‌ನಲ್ಲಿ ಆ ಕೆಮ್ಮೋರ ಕಾಟ ನೆನಪಿದ್ಯಾ? ಯಾರಾದ್ರೂ ಅದನ್ನ ತೆಗೆದಿದ್ರೆ ಕೈ ಮುಗೀತಿದ್ದೆ” ಅಂದಳು. ನನ್ನ ಅಕ್ಕ ಯಾವತ್ತೂ ಅರ್ಧ ಸರಿಯಾಗಿಯೇ ಇರುತ್ತಾಳೆ, ಅದೇ ತೊಂದರೆ. ಕೆಮ್ಮೋರನ್ನು ನಾನೂ ತೆಗೆಯುತ್ತಿದ್ದೆ.

ಆದರೆ ಚೆನ್ನಾಗಿ ಮಾಡಿಕೊಡುವವರಿಂದಲೇ ವಿದರ್ಸ್ ಸಂಗೀತ ಬಿಟ್ಟದ್ದು. ರೆಕಾರ್ಡ್ ಕಂಪನಿಯವರು ತನಗೆ ಸೋಲ್ ಹಾಡೋದು ಹೇಗೆ ಅಂತ ಹೇಳಿಕೊಡಲು ಬರುತ್ತಿದ್ದರು, ಎಲ್ವಿಸ್ ಹಾಡಿದ ‘ಇನ್ ದ ಘೆಟ್ಟೊ’ವನ್ನು ನೀನೂ ಹಾಡು ಅಂದರು ಅಂತ ಸಂದರ್ಶನಗಳಲ್ಲಿ ಹೇಳಿಕೊಂಡಿದ್ದಾನೆ. ಕರಿಯರ ಸಂಗೀತ ತಮಗೇ ಗೊತ್ತು ಅನ್ನುವ ಅಂಥವರಿಗೆ ‘ಬ್ಲ್ಯಾಕ್ಸ್‌ಪರ್ಟ್’ ಅಂತ ಹೆಸರಿಟ್ಟಿದ್ದ. 1985ರಲ್ಲಿ ಕೊನೆಯ ಆಲ್ಬಂ, ಆಮೇಲೆ ಸುಮಾರು 35 ವರ್ಷ ಬದುಕಿದ್ದರೂ ಇನ್ನೊಂದು ಆಲ್ಬಂ ತರಲಿಲ್ಲ. ಅಲ್ಲಿಗೆ ಆ ದನಿಯ ಲೆಕ್ಕ ಮುಗಿಯಿತು. ಇದ್ದಷ್ಟರಲ್ಲೇ ಹುಡುಕಬೇಕು.

ಇದ್ದಷ್ಟು ಅನ್ನುವುದೂ ಅದೃಷ್ಟವೇ. ಟೇಪು ದುಬಾರಿ ಅಂತ ಬಿಬಿಸಿಯವರೇ 70ರ ದಶಕದಲ್ಲೂ ಹಳೇ ಕಾರ್ಯಕ್ರಮ ಅಳಿಸಿ ಅದರ ಮೇಲೆ ಹೊಸದನ್ನು ತುಂಬುತ್ತಿದ್ದರು. ಅವರದಾದರೂ ದುಡ್ಡಿನ ಲೆಕ್ಕ, ಬೈದುಕೊಂಡು ಸುಮ್ಮನಾಗಬಹುದು. ನಮ್ಮದು ಅಂದ ಮಾಡುವ ಲೆಕ್ಕ. ಮದುವೆ ಫೋಟೋದಲ್ಲಿ ಅತ್ತೆಯ ಮುಖದ ಸುಕ್ಕು ಹೋಯಿತು, ಫೋನ್ ಮಾತಿನಲ್ಲಿ ಹಿಂದುಗಡೆಯ ಕುಕ್ಕರ್ ಸೀಟಿ ಹೋಯಿತು. ಮೊನ್ನೆ ಗೆಳೆಯನೊಬ್ಬ ತೀರಿಹೋದ ಅಪ್ಪನ ಒಂದು ಹಳೇ ಆಡಿಯೋ ಕಳಿಸಿದ, ‘ಕ್ಲೀನ್’ ಮಾಡಿಸಿದ್ದಂತೆ. ಅಪ್ಪನ ಮಾತೆಲ್ಲ ಸ್ಪಷ್ಟವಾಗಿದೆ. ಅವರು ವಾಕ್ಯಕ್ಕೊಮ್ಮೆ ಗಂಟಲು ಸರಿಮಾಡಿಕೊಳ್ಳುತ್ತಿದ್ದರು, ಅದಿಲ್ಲ. ಚೆನ್ನಾಗಿದೆ ಅಂತ ಬರೆದು ಕಳಿಸಿದೆ, ಇನ್ನೇನು ಹೇಳಲಿ.

ಸದ್ಯಕ್ಕೆ ಪೆನ್‌ಡ್ರೈವ್‌ನಲ್ಲಿ ಎರಡು ಫೋಲ್ಡರ್ ಇವೆ, ಅವನದೊಂದು, ನನ್ನದೊಂದು. ಅವನದನ್ನು ಅಳಿಸಿಲ್ಲ, ಅಕ್ಕನಿಗೆ ಮಾತು ಕೊಟ್ಟಿದ್ದೇನೆ. ನನ್ನದರಲ್ಲಿ ಉಸಿರು, ಕಾಲು ತಾಳ, ಮಾತು ಎಲ್ಲ ಇದ್ದ ಹಾಗೇ ಇವೆ, ಆ ಕೊರೆಯುವ ‘ಕೀ’ ಕೂಡ. 15,625ರ ಗೆರೆ ಕಂಡಲ್ಲಿ ನಾನೇ ಕತ್ತರಿಸಬಹುದು, ಆದರೆ ಪೂರ್ತಿ ಹೋಯಿತೋ ಇಲ್ಲವೋ ಅಂತ ಹೇಳುವ ಕಿವಿ ನನ್ನ ಹತ್ತಿರ ಇಲ್ಲ. ಭಾನುವಾರ ಅವನು ಊಟಕ್ಕೆ ಬರುತ್ತಾನೆ. ಊಟ ಆದಮೇಲೆ ಪಕ್ಕದಲ್ಲೇ ಕೂರಿಸಿಕೊಂಡು, ಮೌಸ್ ಮಾತ್ರ ನನ್ನ ಕೈಯಲ್ಲಿಟ್ಟುಕೊಂಡು, ಕೇಳಿಸಬೇಕು.